ಓದಿಸಿ ಕೇಳಿ ಹಚ್ಚಿದ ಹೆಬ್ಬೆಟ್ಟು
(ಮಳಖೇಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ನನಗೆ ಕೊಟ್ಟ ವಿಷಯ 'ಬ್ರೌಸರು, ಖಾಸಗಿತನ ಮತ್ತು ಹೊಸ ಇಂಟರ್‌ನೆಟ್'. ಸೇಡಂ ಬಸ್ ನಿಲ್ದಾಣದಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಯೊಬ್ಬ ಇದನ್ನು ಕೇಳಿ ನಕ್ಕುಬಿಟ್ಟ. "ಸರ್ರ, ಮಳಖೇಡದಾಗ ನಿಂತು ನೃಪತುಂಗನ ಬಗ್ಗೆ ಮಾತಾಡೋದು ಬಿಟ್ಟು ಬ್ರೌಸರ್ ಬಗ್ಗೆ ಏನ್ ಮಾತಾಡ್ತೀರ್ರಿ?" ಎಂದ. ಬಸ್ಸು ಹತ್ತಿ ಕೂತ ಮೇಲೂ ಅವನ ಮಾತು ಕಿವಿಯಲ್ಲೇ ಇತ್ತು. ಕೋಟೆಯ ಗೋಡೆ ಕಣ್ಣಿಗೆ ಬೀಳುವಷ್ಟರಲ್ಲಿ ದಾರಿ ಸಿಕ್ಕಿತು. ನೃಪತುಂಗನಿಂದಲೇ, ಅದರಲ್ಲೂ ಅವನ ಒಂದು ಬೆರಳಿನಿಂದ ಶುರು ಮಾಡುತ್ತೇನೆ.

ಈಗಿನ ಗುಜರಾತಿನ ಸಂಜಾನದಲ್ಲಿ, ಮಳಖೇಡದಿಂದ ಆಳಿದ ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ತಾಮ್ರಪಟಗಳು ಸಿಕ್ಕಿವೆ. ಕಾಲ ಶಕ 793, ಅಂದರೆ ಕ್ರಿ.ಶ. 871. ಡಿ.ಆರ್. ಭಂಡಾರ್ಕರ್ ಅವನ್ನು 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಪ್ರಕಟಿಸಿದರು. ಪ್ರಜೆಗಳಿಗೆ ಬಂದ ಆಪತ್ತು ಕಳೆಯಲೆಂದು ಅರಸ ತನ್ನ ಎಡಗೈಯ ಬೆರಳು ಕತ್ತರಿಸಿ ಮಹಾಲಕ್ಷ್ಮಿಗೆ ಒಪ್ಪಿಸಿದನೆಂದು ಆ ಪಟಗಳಲ್ಲಿದೆ. ಹೊಗಳಿಕೆಯ ಪದ್ಯದ ಮಾತು ಅದು. ನಡೆದದ್ದೋ ಕವಿ ಕಟ್ಟಿದ್ದೋ ಎಂಬ ವಾದ ಇವತ್ತು ಬೇಡ. ಸಾವಿರದ ನೂರೈವತ್ತು ವರ್ಷ ಕಳೆದ ಮೇಲೆ ಅದೇ ಮಳಖೇಡದ ಹೆಣ್ಣುಮಕ್ಕಳು ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಬಿಡಿಸಿಕೊಳ್ಳಲು ಬೆರಳು ಕೊಡುತ್ತಿದ್ದಾರೆ. ಅರಸ ಕೊಟ್ಟದ್ದು ಒಂದೇ ಸಲ. ಯಾರಿಗೆ, ಯಾತಕ್ಕೆ ಎಂದು ತಿಳಿದು ಕೊಟ್ಟ. ನಮ್ಮ ಅವ್ವಂದಿರು ತಿಂಗಳು ತಿಂಗಳು ಕೊಡುತ್ತಾರೆ. "ಥಂಬ್ ಹಚ್ಚ್ರಿ" ಅಂದರೆ ಹಚ್ಚುವುದು, "ಇನ್ನೊಮ್ಮೆ ಹಚ್ಚ್ರಿ, ತಗೊಳವಲ್ದು" ಅಂದರೆ ಇನ್ನೊಮ್ಮೆ ಹಚ್ಚುವುದು. ಆ ಎರಡನೆಯ ಸಲ ಯಾತಕ್ಕೆ ಹಚ್ಚಿದೆವು ಎಂದು ಕೇಳಿದವರು ಕಡಿಮೆ.

ಆಧಾರ್ ಮೂಲಕ ಹಣ ಬಿಡಿಸುವ ಈ ಏರ್ಪಾಡನ್ನು ನಾನು ಹಳಿಯುವುದಿಲ್ಲ. ಚಿಂಚೋಳಿ ಕಾಡಂಚಿನ ತಾಂಡಾದ ಮುದುಕಿಯೊಬ್ಬಳು ಐನೂರು ರೂಪಾಯಿಗೆ ಒಂದು ದಿನದ ಕೂಲಿ ಕಳೆದುಕೊಂಡು ಬ್ಯಾಂಕಿನ ಸಾಲಿನಲ್ಲಿ ನಿಲ್ಲುವುದು ತಪ್ಪಿತು. ಅದು ಸಣ್ಣ ಸಂಗತಿಯಲ್ಲ. ಆದರೆ ಅದರ ಕೀಲು ಎಲ್ಲಿದೆ ನೋಡಿ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳ ಗುರುತು, ಇಷ್ಟಿದ್ದರೆ ಹಣ ಕೈಗೆ ಬರುತ್ತದೆ. ಪಿನ್ ಬೇಡ, ಒಟಿಪಿ ಬೇಡ. 2023ರಲ್ಲಿ ಬೆಂಗಳೂರಿನ ಹಲವರ ಖಾತೆಯಿಂದ ಹೀಗೆಯೇ ಹಣ ಹೋಯಿತು. ಅವರಲ್ಲಿ ಅನೇಕರು ಅದಕ್ಕೆ ಮುಂಚೆ ಸೈಟು, ಮನೆ ನೋಂದಣಿ ಮಾಡಿಸಿದವರು. ಕ್ರಯಪತ್ರದ ಮೇಲಿನ ಹೆಬ್ಬೆಟ್ಟಿನ ಗುರುತನ್ನು ನಕಲು ತೆಗೆದು ಹಣ ಎತ್ತಿದ್ದಾರೆಂಬ ಜಾಡು ಪೊಲೀಸರಿಗೆ ಸಿಕ್ಕಿತು. ನೋಂದಣಿ ಇಲಾಖೆ 'ಕಾವೇರಿ' ತಂತ್ರಾಂಶದಿಂದ ಸಿಗುವ ಪ್ರತಿಗಳಲ್ಲಿ ಬೆರಳ ಗುರುತು ಮರೆಮಾಡುವ ಕ್ರಮ ಕೈಗೊಂಡಿತು.

ಪಾಸ್‌ವರ್ಡ್ ಕಳೆದರೆ ಹೊಸದು ಇಟ್ಟುಕೊಳ್ಳಬಹುದು. ಬೆರಳಿಗೆ ಹೊಸ ಆವೃತ್ತಿ ಬರುವುದಿಲ್ಲ. ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಲ್ಲೂ ಎಂಆಧಾರ್ ಆ್ಯಪಿನಲ್ಲೂ ಬೆರಳಿಗೆ ಬೀಗ ಹಾಕುವ ಸೌಲಭ್ಯವಿದೆ. ಬೇಕಾದಾಗ ತೆಗೆದು, ಹಣ ಬಿಡಿಸಿ, ಮತ್ತೆ ಹಾಕಬಹುದು. ಎಷ್ಟು ಮಂದಿ ಹಾಕಿದ್ದೀರಿ? ಕೈ ಎತ್ತಿ. (ಮೂರು ಕೈ ಎದ್ದವು. ಮೂರೂ ಹುಡುಗರವು. ಹಣ ಬಿಡಿಸಲು ಹೋಗುವವರು ಅವರ ಅವ್ವಂದಿರು.)

ಈಗ ಬ್ರೌಸರಿಗೆ ಬರುತ್ತೇನೆ. ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್, ಹೆಸರು ಯಾವುದಾದರೂ ಇರಲಿ, ಅದು ನಮ್ಮ ಪರವಾಗಿ ಊರೂರು ತಿರುಗಿ ಬರುವ ಆಳು. ಹೇಳಿದ ಅಂಗಡಿಗೆ ಹೋಗುತ್ತದೆ, ಕೇಳಿದ ಸಾಮಾನು ತರುತ್ತದೆ. ಬರುವಾಗ ಯಾರ ಸಂಗಡ ಏನು ಮಾತಾಡಿ ಬಂತು ಎಂಬುದೇ ಖಾಸಗಿತನದ ಪ್ರಶ್ನೆ. ಆ ಆಳು 'ಅಪ್‌ಡೇಟ್ ಮಾಡ್ರಿ' ಎಂದು ಮೇಲಿಂದ ಮೇಲೆ ಗೋಗರೆಯುತ್ತದೆ. ನಾವು 'ನಾಳೆ' ಅನ್ನುತ್ತೇವೆ. ಡೇಟಾ ಖರ್ಚಾದೀತು, ಫೋನಿನಲ್ಲಿ ಜಾಗ ಇಲ್ಲ, ಮೊನ್ನೆ ತಾನೆ ಮಾಡಿದ್ದೆ, ಹೀಗೆ ಕಾರಣಕ್ಕೆ ಬರವಿಲ್ಲ.

ತೊಗರಿ ಬೆಳೆದ ಜನಕ್ಕೆ ಅಪ್‌ಡೇಟ್ ಅಂದರೇನು ಎಂದು ಕಲಿಸುವುದು ಕಷ್ಟವಾಗಬಾರದು. ನೆಟೆ ರೋಗದ ಬೂಷ್ಟು ಇರುವುದು ಮಣ್ಣಿನೊಳಗೆ. ಹೊರಗಿನಿಂದ ಗಿಡ ಹಸಿರಾಗಿಯೇ ಕಾಣುತ್ತದೆ, ಒಂದು ವಾರದಲ್ಲಿ ಸಾಲಿಗೆ ಸಾಲು ಒಣಗುತ್ತದೆ. ಅದಕ್ಕೇ ನಾವು ಹಳೆಯ ಬೀಜ ಬಿಟ್ಟು ಮಾರುತಿ ಹಿಡಿದೆವು, ಆಮೇಲೆ ಟಿಎಸ್-3ಆರ್ ಹಿಡಿದೆವು. ಟಿಎಸ್-3ಆರ್ ಎಂಬ ಹೆಸರೇ ಯಾವುದೋ ತಂತ್ರಾಂಶದ ಆವೃತ್ತಿಯಂತೆ ಕೇಳಿಸುವುದಿಲ್ಲವೇ? 'ನಮ್ಮ ಮುತ್ಯಾ ಬಿತ್ತಿದ ಬೀಜವೇ ಸಾಕು' ಎಂದು ಕೂತವನ ಹೊಲದ ಗತಿ ನಿಮಗೆ ಗೊತ್ತು. ಬ್ರೌಸರಿನಲ್ಲಿ ಇನ್ನೊಂದು ತೊಡಕೂ ಇದೆ. ಕಂಪನಿ ಒಂದು ತೂತು ಮುಚ್ಚಿ ಅಪ್‌ಡೇಟ್ ಬಿಟ್ಟ ದಿನವೇ ತೂತು ಎಲ್ಲಿತ್ತು ಎಂಬುದು ಕಳ್ಳನಿಗೂ ತಿಳಿಯುತ್ತದೆ. ಅಲ್ಲಿಂದ ಮುಂದೆ ಅವನು ಹುಡುಕುವುದು 'ನಾಳೆ' ಅಂದವರ ಫೋನುಗಳನ್ನು. 2008ರಲ್ಲಿ ಹುಟ್ಟಿದ ಕ್ರೋಮ್ 2021ರಲ್ಲಿ ನಾಲ್ಕು ವಾರಕ್ಕೊಂದು ಹೊಸ ಆವೃತ್ತಿ ಬಿಡತೊಡಗಿತು, 2023ರಿಂದ ನಡುವೆ ವಾರವಾರವೂ ಭದ್ರತೆಯ ತೇಪೆ ಹಾಕುತ್ತಿದೆ. ಆ ಅವಸರಕ್ಕೆ ಕಾರಣ ಇದೇ.

ನಮ್ಮ ಕಡೆಯ ಅಂಗಡಿಗಳಲ್ಲಿ, ಸೇವಾ ಕೇಂದ್ರಗಳಲ್ಲಿ ನಾನು ಮೊದಲು ನೋಡುವುದು ಕಂಪ್ಯೂಟರಿನ ವಯಸ್ಸು. ಇನ್ನೂ ವಿಂಡೋಸ್ 7 ಓಡಿಸುವವರಿದ್ದಾರೆ. ಅದರ ಮೇಲೆ ಕ್ರೋಮ್ 109ಕ್ಕೇ ನಿಂತುಹೋಯಿತು, 2023ರ ಆರಂಭದಲ್ಲಿ. ಫೈರ್‌ಫಾಕ್ಸ್ ಮಾತ್ರ ತನ್ನ 115ನೆಯ ದೀರ್ಘಾವಧಿ ಆವೃತ್ತಿಯಿಂದ ಹಳೆಯ ವಿಂಡೋಸಿಗೆ ಇನ್ನಷ್ಟು ಕಾಲ ಹೆಗಲು ಕೊಟ್ಟಿತು. ವಿಂಡೋಸ್ 10ನ್ನೂ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕೈ ಬಿಟ್ಟಿತು. ದಿನಕ್ಕೆ ನೂರು ಜನರ ಆಧಾರ್, ಪಹಣಿ, ಜಾತಿ ಪ್ರಮಾಣಪತ್ರ ಹಾದುಹೋಗುವ ಯಂತ್ರ ಅದು. ಅದನ್ನು ನಡೆಸುವ ಹುಡುಗನನ್ನು ದೂರಿ ಫಲವಿಲ್ಲ. ಒಂದು ಅರ್ಜಿಗೆ ಅವನಿಗೆ ಉಳಿಯುವ ಇಪ್ಪತ್ತು ಮೂವತ್ತು ರೂಪಾಯಿಯಲ್ಲಿ ಹೊಸ ಕಂಪ್ಯೂಟರು ಬರುವುದಿಲ್ಲ.

ಅಪ್‌ಡೇಟ್ ಮಾಡಿ ಎಂದು ನಾನು ಹೇಳಿದ ಮಾತೇ ಕಳ್ಳನ ಬಾಯಲ್ಲೂ ಬರುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಯಾವುದೋ ಸಿನಿಮಾ ನೋಡಲು ಹೋದಾಗ ಪುಟದ ಮಧ್ಯೆ 'ನಿಮ್ಮ ಬ್ರೌಸರ್ ಹಳೆಯದಾಗಿದೆ' ಎಂಬ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಒತ್ತಿದರೆ ಇಳಿಯುವುದು ಬ್ರೌಸರಲ್ಲ, ಕಳ್ಳಗಿಂಡಿ. ನಿಜವಾದ ಅಪ್‌ಡೇಟ್ ಪ್ಲೇ ಸ್ಟೋರಿನಿಂದ ಅಥವಾ ಬ್ರೌಸರಿನ ಮೂರು ಚುಕ್ಕೆಯ ಪಟ್ಟಿಯಿಂದ ಬರುತ್ತದೆ, ವೆಬ್ ಪುಟದಿಂದ ಬರುವುದಿಲ್ಲ, ವಾಟ್ಸಾಪಿನಲ್ಲಂತೂ ಬರುವುದೇ ಇಲ್ಲ. ಲಗ್ನಪತ್ರಿಕೆ ಎಂದು ವಾಟ್ಸಾಪಿನಲ್ಲಿ ಬರುವ ಎಪಿಕೆ ಕಡತವೂ ಇದರ ದಾಯಾದಿಯೇ. ಯಾರ ಲಗ್ನ ಎಂದು ಫೋನ್ ಮಾಡಿ ಕೇಳುವ ನಮ್ಮ ಹಳೆಯ ರೂಢಿ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಕನ್ನಡ ಓದುವ ಆಸೆಗೆ ನಾವು ಒಂದು ಬೆಲೆ ಕೊಟ್ಟಿದ್ದೇವೆ. ಅದು ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. 2010-11ರ ಹೊತ್ತಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಸಾಲು ಸಾಲು ಚೌಕಗಳಾಗಿ ಕಾಣುತ್ತಿತ್ತು. ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡವಿತ್ತು, ಕಂಪ್ಯೂಟರಿನಲ್ಲಿ ಬರಹ, ನುಡಿ ಬಂದಿದ್ದವು, 2003ರಲ್ಲಿ ಕನ್ನಡ ವಿಕಿಪೀಡಿಯವೂ ಶುರುವಾಗಿತ್ತು. ಕೈಯೊಳಗಿನ ಫೋನಿಗೆ ಮಾತ್ರ ಒತ್ತಕ್ಷರ ಬರುತ್ತಿರಲಿಲ್ಲ. ಆಗ ಒಬ್ಬರಿಂದೊಬ್ಬರಿಗೆ ಒಂದು ಗುಟ್ಟು ಹಬ್ಬಿತು. ಒಪೆರಾ ಮಿನಿ ಹಾಕಿಕೊಂಡು, ವಿಳಾಸದ ಜಾಗದಲ್ಲಿ 'ಒಪೆರಾ:ಕಾನ್ಫಿಗ್' ಎಂದು ಬರೆದು, ಕೊನೆಯಲ್ಲಿರುವ ಒಂದು ಆಯ್ಕೆಯನ್ನು 'ಯೆಸ್' ಮಾಡಬೇಕು. ಅಷ್ಟಾದರೆ ಕನ್ನಡ ಅಚ್ಚುಕಟ್ಟಾಗಿ ಮೂಡುತ್ತಿತ್ತು. ನಾನೇ ಎಷ್ಟೋ ಮಂದಿಗೆ ಮಾಡಿಕೊಟ್ಟಿದ್ದೇನೆ, ಅದೊಂದು ವಿದ್ಯೆಯೆಂಬಂತೆ.

ಅದು ನಡೆಯುತ್ತಿದ್ದ ಬಗೆ ಹೀಗೆ. ನೀವು ಕೇಳಿದ ಪುಟ ನೇರ ನಿಮ್ಮ ಫೋನಿಗೆ ಬರುತ್ತಿರಲಿಲ್ಲ. ಒಪೆರಾ ಕಂಪನಿಯ ಸರ್ವರು ಅದನ್ನು ತರಿಸಿಕೊಂಡು, ಹಿಂಡಿ ಸಣ್ಣದು ಮಾಡಿ, ಕನ್ನಡ ಅಕ್ಷರಗಳ ಚಿತ್ರ ತೆಗೆದು ಕಳಿಸುತ್ತಿತ್ತು. ನಾವು ಓದುತ್ತಿದ್ದದ್ದು ಅಕ್ಷರವಲ್ಲ, ಅಕ್ಷರದ ಫೋಟೋ. ಅಂದರೆ ನಾವು ಓದುವುದನ್ನೆಲ್ಲ ನಡುವೆ ಒಬ್ಬ ಓದಿ ದಾಟಿಸುತ್ತಿದ್ದ. ಕಂಪನಿ ಇದನ್ನು ಮುಚ್ಚಿಟ್ಟಿರಲಿಲ್ಲ, ತನ್ನ ಪುಟದಲ್ಲೇ ಬರೆದಿತ್ತು, ಇಂಗ್ಲಿಷಿನಲ್ಲಿ. ಆಮೇಲೆ ಬಂದ ಯುಸಿ ಬ್ರೌಸರಿನ ಕಥೆ ಇದಕ್ಕಿಂತ ಕೆಟ್ಟದ್ದು. ಅಗ್ಗದ ಫೋನು, ನಿಧಾನದ ಟೂಜಿ ಇದ್ದ ಕಾಲದಲ್ಲಿ ಹಳ್ಳಿಹಳ್ಳಿಗೂ ಮುಟ್ಟಿದ ಬ್ರೌಸರು ಅದು. ಹುಡುಕಿದ ಪದಗಳು, ಫೋನಿನ ಗುರುತುಸಂಖ್ಯೆ ಸರಿಯಾದ ಮರೆಯಿಲ್ಲದೆ ಸೋರುತ್ತಿವೆ ಎಂದು ಕೆನಡಾದ ಸಿಟಿಜನ್ ಲ್ಯಾಬ್ 2015ರಲ್ಲಿ ತೋರಿಸಿತು. 2020ರ ಜೂನ್ 29ರಂದು ಕೇಂದ್ರ ಸರಕಾರ ನಿಷೇಧಿಸಿದ 59 ಚೀನೀ ಆ್ಯಪುಗಳಲ್ಲಿ ಅದೂ ಇತ್ತು. ಆದರೆ ನಿಷೇಧವಾದದ್ದು ಗಡಿಯ ಜಗಳದ ಹೊತ್ತಿನಲ್ಲಿ. ಸೋರಿಕೆ ತಿಳಿದು ಐದು ವರ್ಷವಾದರೂ ನಮ್ಮವರಿಗೆ ಅವರ ಭಾಷೆಯಲ್ಲಿ ಹೇಳಿದವರು ಕಡಿಮೆ.

ಇನ್ನು ಬೀಗದ ವಿಚಾರ. ವಿಳಾಸದ ಪಕ್ಕ ಸಣ್ಣ ಬೀಗ ಕಂಡರೆ ಜಾಗ ನಂಬಿಕಸ್ಥ ಎಂದು ನಾವೇ ತರಬೇತಿಗಳಲ್ಲಿ ಹೇಳಿಕೊಟ್ಟೆವು. ನಾನೂ ಹೇಳಿದ್ದೇನೆ, ತಪ್ಪು ಒಪ್ಪಿಕೊಳ್ಳುತ್ತೇನೆ. ಬೀಗ ಹೇಳುವುದು ದಾರಿಯಲ್ಲಿ ಯಾರೂ ಕದ್ದು ನೋಡುವುದಿಲ್ಲ ಎಂದಷ್ಟೆ. ದಾರಿಯ ಕೊನೆಯಲ್ಲಿ ಕೂತವನು ಕಳ್ಳನೋ ಸಾಹುಕಾರನೋ ಅದು ಹೇಳುವುದಿಲ್ಲ. ಮೋಸದ ಜಾಲತಾಣಗಳೂ ಬೀಗ ಹಾಕಿಕೊಳ್ಳಲು ಕಲಿತವು. ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ಕ್ರೋಮ್ ಆ ಬೀಗದ ಚಿತ್ರವನ್ನೇ ತೆಗೆದು ಬೇರೆ ಗುರುತು ಹಾಕಿತು.

ಮಳಖೇಡದವರಿಗೆ ಇದು ಹೊಸತಲ್ಲ. ರಾಷ್ಟ್ರಕೂಟರ ತಾಮ್ರಪಟಗಳನ್ನು ಬಳೆಯಲ್ಲಿ ಪೋಣಿಸಿ, ಬಳೆಯ ಬಾಯಿಗೆ ಗರುಡನ ಮುದ್ರೆ ಒತ್ತುತ್ತಿದ್ದರು. ಹಲಗೆ ಬದಲಾಗಿಲ್ಲ ಎನ್ನುವುದಕ್ಕೆ ಆ ಮುದ್ರೆ ಸಾಕ್ಷಿ. ಆದರೆ ಮುದ್ರೆಯಿದ್ದೂ ಸುಳ್ಳಾದ ತಾಮ್ರಪಟಗಳಿವೆ. ಶಾಸನತಜ್ಞರು ಅವನ್ನು ಕೂಟಶಾಸನ ಎನ್ನುತ್ತಾರೆ. ಗಂಗರ ಹೆಸರಿನ ಹಲವು ಪಟಗಳನ್ನು ಶಾಸನತಜ್ಞ ಫ್ಲೀಟ್ ಕೂಟವೆಂದು ತಳ್ಳಿಹಾಕಿದ್ದು, ಅದರ ಮೇಲೆ ದಶಕಗಳ ಕಾಲ ವಾದ ನಡೆದದ್ದು ಇತಿಹಾಸದ ವಿದ್ಯಾರ್ಥಿಗಳಿಗೆ ಗೊತ್ತು. ಫ್ಲೀಟ್ ಮುದ್ರೆಯನ್ನು ನೋಡಿ ತೀರ್ಮಾನ ಮಾಡಲಿಲ್ಲ. ಲಿಪಿ, ತಿಥಿ, ವಂಶಾವಳಿ ತಾಳೆ ನೋಡಿದ. ವೆಬ್ ವಿಳಾಸವನ್ನೂ ಹಾಗೆಯೇ ಓದಬೇಕು, ಒಂದೊಂದು ಅಕ್ಷರವಾಗಿ.

ಕುಕೀ ಬಗ್ಗೆ ಎರಡೇ ಮಾತು, ಹುಡುಗರು ಆಗಲೇ ಆಕಳಿಸುತ್ತಿದ್ದಾರೆ. 1994ರಲ್ಲಿ ನೆಟ್‌ಸ್ಕೇಪಿನ ಲೂ ಮಾಂಟುಲಿ ಅದನ್ನು ಮಾಡಿದ್ದು ಅಂಗಡಿಯವನು ಗಿರಾಕಿಯ ಗುರುತು ಹಿಡಿಯಲಿ ಎಂದು. ಉದ್ರಿ ಪುಸ್ತಕದಂತೆ, ಅದರಲ್ಲಿ ತಪ್ಪಿಲ್ಲ. ತೊಂದರೆ ಬಂದದ್ದು ಮೂರನೆಯವನಿಂದ. ಬಜಾರಿನ ಎಲ್ಲ ಅಂಗಡಿಗಳ ಮೂಲೆಯಲ್ಲೂ ಒಬ್ಬನೇ ಮನುಷ್ಯ ಕೂತು, ನೀವು ಔಷಧಿ ಅಂಗಡಿಯಲ್ಲಿ ಏನು ಕೊಂಡಿರಿ, ಬಂಗಾರದ ಅಂಗಡಿಯಲ್ಲಿ ಏನು ಒತ್ತೆಯಿಟ್ಟಿರಿ ಎಂದು ಒಂದೇ ಪುಸ್ತಕದಲ್ಲಿ ಬರೆದುಕೊಂಡರೆ ಹೇಗೆ? ಸಫಾರಿ 2020ರಲ್ಲಿ ಅವನನ್ನು ಪೂರ್ತಿ ಹೊರಗಟ್ಟಿತು. ಫೈರ್‌ಫಾಕ್ಸ್ 2019ರಿಂದಲೇ ತಡೆಯುತ್ತಿತ್ತು. ಗೂಗಲ್ 2020ರಲ್ಲಿ ಮಾತು ಕೊಟ್ಟು, ಮುಂದೂಡುತ್ತ ಮುಂದೂಡುತ್ತ, 2024ರಲ್ಲಿ ಮಾತು ಹಿಂದಕ್ಕೆ ತೆಗೆದುಕೊಂಡಿತು. ಅದರ ಆದಾಯವೇ ಜಾಹೀರಾತು; ತನ್ನ ಕೊಂಬೆಯನ್ನು ತಾನೇ ಕಡಿಯುತ್ತದೆಂದು ನಾನೂ ನಂಬಿರಲಿಲ್ಲ. 'ಇನ್‌ಕಾಗ್ನಿಟೊ' ಎಂಬ ಕಪ್ಪು ಕಿಟಕಿಯೂ ಅಷ್ಟೆ. ಅದು ನಿಮ್ಮ ಮನೆಯವರಿಂದ ಮರೆಮಾಡುತ್ತದೆ, ಜಾಲತಾಣಗಳಿಂದಲ್ಲ. ಈ ಬಗ್ಗೆ ಅಮೆರಿಕದಲ್ಲಿ ದಾವೆ ನಡೆದು, ಹಾಗೆ ಸಂಗ್ರಹಿಸಿದ ಕೋಟಿಗಟ್ಟಲೆ ದಾಖಲೆ ಅಳಿಸಲು ಗೂಗಲ್ 2024ರಲ್ಲಿ ಒಪ್ಪಿಕೊಂಡಿತು.

ನಾನು ಇಲ್ಲಿಗೆ ಹೇಳಬೇಕೆಂದು ಬಂದ ಮಾತು ಇನ್ನು ಮುಂದಿದೆ.

ನಮ್ಮ ಮುತ್ಯಾನ ಟ್ರಂಕಿನಲ್ಲಿ ಒಂದಿಷ್ಟು ಉರ್ದು ಕಾಗದಗಳಿದ್ದವು. ಈ ಭಾಗ 1948ರ ತನಕ ನಿಜಾಮರ ರಾಜ್ಯ, ದಫ್ತರಿನ ಭಾಷೆ ಉರ್ದು. ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಉರ್ದು. ಮುತ್ಯಾನಿಗೆ ಕನ್ನಡ ಓದಲೂ ಬರುತ್ತಿರಲಿಲ್ಲ ಎನ್ನಿ. ಆದರೆ ಕನ್ನಡದಲ್ಲಿ ಓದಿ ಹೇಳಿದ್ದರೆ ತಿಳಿಯುತ್ತಿತ್ತು. ಉರ್ದು ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತಿ ಬಂದು, ಕೊಟ್ಟದ್ದು ಎರಡು ಎಕರೆಯೋ ನಾಲ್ಕು ಎಕರೆಯೋ ಎಂದು ಮುಂದೆ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದ. 1954-55ರ ಖಾಸ್ರಾ ಪಹಣಿ ತರಬೇಕೆಂದು ಇವತ್ತಿಗೂ ವಕೀಲರು ನಿಮ್ಮನ್ನು ಓಡಿಸುತ್ತಾರಲ್ಲ, ಆ ಪಹಣಿಯ ಹಿಂದೆ ಇಂಥ ಎಷ್ಟು ಮುತ್ಯಾಗಳು ನಿಂತಿದ್ದಾರೋ.

ಹಳೆಯ ಕ್ರಯಪತ್ರಗಳ ಕೊನೆಯಲ್ಲಿ ಒಂದು ಸಾಲು ಬರುತ್ತದೆ: ಈ ಪತ್ರ ಓದಿಸಿ ಕೇಳಿ, ಒಪ್ಪಿ, ಹೆಬ್ಬೆಟ್ಟು ಹಾಕಿದ್ದೇನೆ. ಓದು ಬಾರದವನ ಮಾನ ಕಾಯುವ ಸಾಲು ಅದು. ಅಕ್ಷರ ಬಾರದಿರುವುದಕ್ಕೂ ತಿಳಿಯದಿರುವುದಕ್ಕೂ ನಡುವೆ ಇರುವ ಅಂತರವನ್ನು ಆ ಕಾಗದ ಬರೆದ ಕಾರಕೂನ ಬಲ್ಲವನಾಗಿದ್ದ. ಎಷ್ಟೋ ಸಲ ಆ ಸಾಲೂ ಸುಳ್ಳೇ ಆಗಿರುತ್ತಿತ್ತು. ಆದರೂ ಓದಿಸಿ ಕೇಳದ ಹೆಬ್ಬೆಟ್ಟು ಹೆಬ್ಬೆಟ್ಟಲ್ಲ ಎಂಬ ತತ್ವ ಕಾಗದದ ಮೇಲೆ ಇತ್ತು. ಕೋರ್ಟಿಗೆ ಹೋದವನಿಗೆ ಹಿಡಿಯಲು ಒಂದು ದಾರ ಇತ್ತು.

ನಡುವೆ ಒಳ್ಳೆಯ ಕಾಲವೂ ಬಂತು. 2000ದ ಆಚೀಚೆ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು, ಕನ್ನಡದಲ್ಲಿ. ಹದಿನೈದು ರೂಪಾಯಿ ಕೊಟ್ಟರೆ ಕೈಗೆ ಕಾಗದ ಸಿಗುತ್ತಿತ್ತು, ಯಾರ ಕೈ ಬಿಸಿ ಮಾಡುವ ಹಂಗೂ ಇರಲಿಲ್ಲ. ಆದರೆ ಪಹಣಿ ಯಾರು ಯಾರದನ್ನು ಬೇಕಾದರೂ ನೋಡಬಹುದು. ಅದರ 11ನೆಯ ಕಾಲಂನಲ್ಲಿ ನಿಮ್ಮ ಸಾಲವೂ ಇರುತ್ತದೆ. ಮಗಳಿಗೆ ವರ ನೋಡಲು ಬಂದವರು ಮೊದಲು ನಿಮ್ಮ ಪಹಣಿ ತೆಗೆಸಿ ನೋಡುತ್ತಾರೆ ಎಂದು ಒಬ್ಬರು ನನಗೆ ಹೇಳಿದರು. ಇದು ಸರಿಯೇ ಎಂದು ಕೇಳಿದರೆ ನನ್ನ ಉತ್ತರ: ಹೊಲ ಯಾರದು ಎಂಬುದು ಊರಿಗೆ ಗೊತ್ತಿರಬೇಕು, ಸಾಲ ಎಷ್ಟು ಎಂಬುದು ಗೊತ್ತಿರಬೇಕಾಗಿಲ್ಲ. ನಮ್ಮ ಹಿಂದಿನವರೂ ದಾನದ ಸುದ್ದಿಯನ್ನು ಗುಡಿಯ ಮುಂದೆ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸುತ್ತಿದ್ದರು, ತಾಮ್ರದ ಹಲಗೆಯನ್ನು ಪಡೆದವನ ಮನೆಗೆ ಕೊಡುತ್ತಿದ್ದರು. ಕಲ್ಲು ಊರಿಗೆ, ತಾಮ್ರ ಮನೆಗೆ. ಈಗ ಎಲ್ಲವೂ ಕಲ್ಲೇ ಆಗಿದೆ.

ಮತ್ತೆ ಈಗ ಏನಾಗಿದೆ? ಹೊಸ ಆ್ಯಪ್ ತೆರೆದರೆ ಇಂಗ್ಲಿಷಿನಲ್ಲಿ ಮಾರುದ್ದ ಬರಹ, ಕೆಳಗೆ ನೀಲಿ ಬಣ್ಣದ 'ಐ ಅಗ್ರೀ'. ಮುತ್ಯಾನ ಉರ್ದು ಹೋಗಿ ಮೊಮ್ಮಗನ ಇಂಗ್ಲಿಷು ಬಂತು. ಇಂಗ್ಲಿಷ್ ಬಲ್ಲವರೂ ಅದನ್ನು ಓದುವುದಿಲ್ಲ ಎಂದು ನನಗೆ ಗೊತ್ತು, ನಾನೂ ಓದುವುದಿಲ್ಲ. ಆದರೆ ಓದದಿರುವುದು ಬೇರೆ, ಓದಲಾಗದಿರುವುದು ಬೇರೆ.

ಇಲ್ಲಿ ಒಬ್ಬ ಕನ್ನಡಿಗರ ಹೆಸರು ಹೇಳಲೇಬೇಕು. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರು. ಆಧಾರ್ ವಿಚಾರವಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ನಾವು ಕಟ್ಟೆಯ ಮೇಲೆ ಕೂತು ಲೋಕ ಕೆಟ್ಟಿತೆಂದು ಬೈಯುತ್ತಿರುತ್ತೇವೆ, ಅವರು ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿತು. ದೇಶದ ಕಾನೂನು ಪುಸ್ತಕಗಳಲ್ಲಿ ಆ ತೀರ್ಪಿನ ಹೆಸರೇ ಪುಟ್ಟಸ್ವಾಮಿ. ಆಧಾರ್ ಉಳಿಯಿತು, 2018ರ ತೀರ್ಪು ಅದಕ್ಕೆ ಎಲ್ಲೆ ಹಾಕಿತು. 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ನಮ್ಮ ಪಠ್ಯಪುಸ್ತಕದಲ್ಲಿ ಅವರಿಗೆ ಒಂದು ಪಾಠ ಇರಬೇಕಿತ್ತು.

ಆ ತೀರ್ಪಿನ ದಾರಿಯಲ್ಲೇ 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ ಬಂತು. 'ದತ್ತಾಂಶ' ಎಂಬ ಪದವನ್ನು ಒಮ್ಮೆ ನಿಲ್ಲಿಸಿ ನೋಡಿ. ಇವತ್ತಿನ ಈ ಸಭೆ 'ದತ್ತಿ'ಯದು. ಎರಡರ ಬೇರೂ ಒಂದೇ: ದತ್ತ, ಅಂದರೆ ಕೊಟ್ಟದ್ದು. ಹಿರಿಯರೊಬ್ಬರು ನಂಬಿಕೆಯಿಂದ ಒಂದಿಷ್ಟು ಹಣ ಕೊಟ್ಟರು, ಇಂಥದ್ದಕ್ಕೇ ಬಳಸಿ ಎಂದರು. ಬಡ್ಡಿಯಲ್ಲಿ ಉಪನ್ಯಾಸ ನಡೆಯುತ್ತಿದೆ. ನಾಳೆ ಸಂಘದವರು ಆ ಹಣದಲ್ಲಿ ಜೀಪು ಕೊಂಡರೆ ನೀವು ಬಿಡುತ್ತೀರಾ? ಅಂಕಿಸಂಖ್ಯೆಯ ದತ್ತಿಯೂ ಹಾಗೆಯೇ. ಕಾಯ್ದೆ ಕೂಡ ನಮ್ಮ ದತ್ತಾಂಶ ಇಟ್ಟುಕೊಂಡವನನ್ನು ಮಾಲೀಕ ಅನ್ನುವುದಿಲ್ಲ, ವಿಶ್ವಾಸದಿಂದ ಹೊತ್ತವನು ಎಂಬರ್ಥದ ಪದ ಬಳಸುತ್ತದೆ. ಚಿತ್ತಾಪುರದ ಪಕ್ಕ ನಾಗಾವಿಯ ಘಟಿಕಾಸ್ಥಾನದಲ್ಲಿ ಹನ್ನೊಂದನೆಯ ಶತಮಾನದಲ್ಲೇ ಪುಸ್ತಕ ಕಾಯಲು ಸರಸ್ವತೀ ಭಂಡಾರಿಗರು ಇದ್ದರು. ಭಂಡಾರ ಸರಸ್ವತಿಯದು, ಕೀಲಿ ಮಾತ್ರ ಇವರದು.

ದತ್ತಿ ಕೆಡಿಸಿದವನಿಗೆ ನಮ್ಮ ಶಾಸನಗಳು ಶಾಪ ಹಾಕುತ್ತವೆ: ಅರವತ್ತು ಸಾವಿರ ವರ್ಷ ಹೊಲಸಿನ ಹುಳುವಾಗಿ ಹುಟ್ಟು. ಹೊಸ ಕಾಯ್ದೆಯ ಶಾಪ 250 ಕೋಟಿ ರೂಪಾಯಿಯ ತನಕ ದಂಡ. ಯಾವುದಕ್ಕೆ ಕಂಪನಿಗಳು ಹೆಚ್ಚು ಹೆದರುತ್ತವೆ ಎಂದು ನೋಡಬೇಕು. ಸರಕಾರದ ಸವಲತ್ತುಗಳಿಗೆ ಕಾಯ್ದೆ ಪಕ್ಕದ ಬಾಗಿಲು ಇಟ್ಟಿದೆ, ಅಲ್ಲಿ ನಮ್ಮ ಒಪ್ಪಿಗೆಯನ್ನು ಹೆಜ್ಜೆಹೆಜ್ಜೆಗೂ ಕೇಳಬೇಕಾಗಿಲ್ಲ. ಇದು ನನಗೆ ಹಿಡಿಸಿಲ್ಲ.

ಆದರೆ ಅದರಲ್ಲಿ ಒಂದು ಸಣ್ಣ ಅಂಶವಿದೆ. ಪತ್ರಿಕೆಗಳು ಅದನ್ನು ದೊಡ್ಡದು ಮಾಡಲಿಲ್ಲ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು. ಅಂದರೆ ಕನ್ನಡದಲ್ಲಿ ಕೇಳುವುದು ಇನ್ನು ಉಪಕಾರವಲ್ಲ, ಹಕ್ಕು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ಕೊಟ್ಟಷ್ಟೇ ಸಲೀಸಾಗಿರಬೇಕು. 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದವು. ಕಂಪನಿಗಳಿಗೆ ಹದಿನೆಂಟು ತಿಂಗಳ ಗಡುವು ಸಿಕ್ಕಿದೆ, ಅಂದರೆ 2027ರ ಮೇ ತಿಂಗಳ ಹೊತ್ತಿಗೆ. ಆಮೇಲೆ ಕನ್ನಡದ ಬಟನ್ ಕಾಣದಿದ್ದರೆ ಜಗಳ ತೆಗೆಯಲು ನಮಗೆ ಕಾರಣವಿದೆ.

ಕನ್ನಡದಲ್ಲಿ ಬರೆದರಷ್ಟೇ ಸಾಕೇ? ಸರಕಾರಿ ಕನ್ನಡದ ಅನುಭವ ನಿಮಗಿದೆ. 'ದತ್ತಾಂಶ ಸಂಸ್ಕರಣೆಗೆ ಸಮ್ಮತಿಸುತ್ತೇನೆ' ಅಂದರೆ ನಮ್ಮ ಅವ್ವಂದಿರಿಗೆ ಉರ್ದುವಿಗಿಂತ ಹತ್ತಿರವೇನಲ್ಲ. 'ನಿಮ್ಮ ಫೋನಿನಾಗಿನ ನಂಬರ್ ಎಲ್ಲ ನಾವು ನೋಡ್ತೀವಿ, ನಡೀತದೇನ್ರಿ?' ಅಂದರೆ ತಿಳಿಯುತ್ತದೆ. ಮಳಖೇಡದ ಅರಸನ ಸಭೆಯಲ್ಲಿ ಹುಟ್ಟಿದ ಕವಿರಾಜಮಾರ್ಗ, ನಾಡಿನಲ್ಲಿ ಕನ್ನಡಗಳು ಹಲವು ಎಂಬುದನ್ನು ಆಗಲೇ ಗುರುತಿಸಿತ್ತು. ಇಲ್ಲಿ ಭಾಷಣ ಮಾಡುವವರೆಲ್ಲ ಆ ಗ್ರಂಥದಿಂದ ಶುರು ಮಾಡುತ್ತಾರೆ, ನಾನು ಕೊನೆಗೆ ಬಂದೆ. ಬಾಯಿಮಾತಿಗೆ ಕೆಲಸ ಮಾಡುವ ಹೊಸ ಯಂತ್ರಗಳು ಬಂದಿವೆ. ಕೇಂದ್ರ ಸರಕಾರದ 'ಭಾಷಿಣಿ' 2022ರಿಂದ ನಮ್ಮ ಭಾಷೆಗಳಿಗಾಗಿ ದುಡಿಯುತ್ತಿದೆ. 2025ರಲ್ಲಿ ಕಾಮೆಟ್, ಅಟ್ಲಾಸ್ ಎಂಬ ಬ್ರೌಸರುಗಳು ಬಂದವು, ನಮ್ಮ ಬದಲು ತಾವೇ ಪುಟ ತೆರೆದು ಅರ್ಜಿ ತುಂಬಿ ಗುಂಡಿ ಒತ್ತುತ್ತವೆ. ಆಳು ಈಗ ಮುನೀಮನಾಗಿದ್ದಾನೆ. ಪುಟದ ಮೂಲೆಯಲ್ಲಿ ಯಾರೋ ಕಾಣದಂತೆ ಬರೆದಿಟ್ಟ ಅಪ್ಪಣೆಯನ್ನೂ ಯಜಮಾನನದೆಂದು ನಂಬಿ ನಡೆಸಿಬಿಡುವ ಮುನೀಮ. ಅವನು ಒತ್ತಿದ 'ಐ ಅಗ್ರೀ' ಯಾರ ಒಪ್ಪಿಗೆ?

ಈ ಬ್ರೌಸರು ಮಾಡುವವರೆಲ್ಲ ಒಂದು ಫೋನಿಗೆ ಒಬ್ಬ ಮನುಷ್ಯ ಎಂದು ಎಣಿಸಿದ್ದಾರೆ. ನಮ್ಮಲ್ಲಿ ಫೋನು ಬೆಳಗ್ಗೆ ಮಗನದು, ಮಧ್ಯಾಹ್ನ ಸೊಸೆಯದು, ಸಂಜೆ ಮೊಮ್ಮಗನ ಆಟದ್ದು. ಅತ್ತೆಯ ಬಿಪಿ ಗುಳಿಗೆಯ ಹುಡುಕಾಟ ಸೊಸೆಯ ಜಾಹೀರಾತಾಗಿ ಬರುತ್ತದೆ. ಸೇವಾ ಕೇಂದ್ರದಲ್ಲಂತೂ ಒಂದು ಬ್ರೌಸರಿಗೆ ಊರೇ ಮಾಲೀಕ. ಅಲ್ಲಿ ನಾನು ಕೇಳುವುದು ಸುಲಭದ ಸಂಗತಿಗಳು: ಪಾಸ್‌ವರ್ಡ್ ಉಳಿಸಿಕೊಳ್ಳಲೇ ಎಂದು ಕೇಳಿದರೆ ಬೇಡ ಎನ್ನಲಿ, ಕೆಲಸ ಮುಗಿದ ಕೂಡಲೇ ಲಾಗ್‌ಔಟ್ ಮಾಡಲಿ, ಡೌನ್‌ಲೋಡ್ ಆದ ಆಧಾರ್ ಅಳಿಸಲಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಡಿದ ಆಧಾರ್ ನಡೆಯುವ ಕಡೆ ಅದನ್ನೇ ಕೊಡಲಿ. ಮತ್ತು ಬೆರಳು ಕೇಳುವ ಮುಂಚೆ ಪರದೆಯ ಮೇಲೆ ಏನಿದೆ, ಎಷ್ಟು ರೂಪಾಯಿಗೆ ಎಂದು ಬಾಯಿಬಿಟ್ಟು ಓದಲಿ. ಹಣ ಹೋಯಿತೆಂದು ಅನುಮಾನ ಬಂದ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮರುದಿನಕ್ಕೆ ಕಾಯಬೇಡಿ.

ಇಷ್ಟು ಹೇಳಿ ಕೂತೆ. ಪ್ರಶ್ನೆ ಕೇಳಿ ಎಂದಾಗ ಹುಡುಗರು ವಿಪಿಎನ್ ಬಗ್ಗೆ ಕೇಳಿದರು, ಯಾವ ಫೋನ್ ಒಳ್ಳೆಯದು ಎಂದು ಕೇಳಿದರು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದಳು. ಶಹಾಬಾದಿನ ಕಲ್ಲಿನ ಗಣಿಯಲ್ಲಿ ಫರಸಿ ಎತ್ತಿದ ಕೈ. ಎರಡೂ ಅಂಗೈ ಬಿಚ್ಚಿ ತೋರಿಸಿದಳು.

"ಸರ್ರ, ನೀವು ಬೆರಳ ಬಗ್ಗೆ ಇಷ್ಟೊತ್ತು ಹೇಳಿದ್ರಿ. ನನ್ನ ಗೆರಿ ಎಲ್ಲ ಸವದು ಹೋಗ್ಯಾವ್ರಿ. ಮಷೀನ್ ಒಮ್ಮೆನೂ ತಗೊಂಡಿಲ್ಲ. ಹತ್ತೂ ಬೆರಳು ಹಚ್ಚಸ್ತಾರ. ಅದರಾಗ ಯಾವ ಬೆರಳಿಗಿ ಏನು ಬಂತು, ನನಗ ಯಾರ್ ಓದಿ ಹೇಳ್ತಾರ್ರಿ?"

ಕಣ್ಣಿನ ಪಾಪೆಯಿಂದಲೂ ಮುಖದಿಂದಲೂ ಗುರುತು ಹಿಡಿಯುವ ದಾರಿಯಿದೆ, ಪಾಸ್‌ಬುಕ್ ಹಿಡಿದು ಶಾಖೆಗೆ ಹೋದರೆ ಬೆರಳಿಲ್ಲದೆಯೂ ಹಣ ಕೊಡುತ್ತಾರೆ ಎಂದು ಹೇಳಿದೆ. ಅವಳು ಪಾಸ್‌ಬುಕ್ ತೆಗೆದು ನನ್ನ ಕೈಗೆ ಕೊಟ್ಟಳು. ಕೊನೆಯ ಪುಟದಿಂದ ಒಂದೊಂದೇ ಸಾಲು ಓದುತ್ತ ಬಂದೆ, ಅವಳು ಬೆರಳು ಮಡಿಸುತ್ತ ಲೆಕ್ಕ ಹಿಡಿದಳು.